ಧಾರೆ ಮತ್ತು ಕಂತು: ಆಂಟೆನಾ ಇಲ್ಲದ ಮನೆಯಲ್ಲಿ ಕಿರುತೆರೆಯ ಪಠ್ಯ

ಕಿರುತೆರೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಧಾರಾವಾಹಿಗಳ ವಸ್ತು, ಸ್ತ್ರೀಪಾತ್ರಗಳ ಚಿತ್ರಣ, ಸಂಭಾಷಣೆಯ ಭಾಷೆ, ಜಾಹೀರಾತಿನ ಪ್ರಭಾವ ಮೊದಲಾದ ನೆಲೆಗಳಲ್ಲಿಯೇ ಸಾಗಿವೆ. ಕಾರ್ಯಕ್ರಮವು ನೋಡುಗರ ಮನೆಯನ್ನು ಯಾವ ದಾರಿಯಿಂದ ತಲುಪಿತು ಎಂಬ ಪ್ರಶ್ನೆಯನ್ನು ಎಂಜಿನಿಯರುಗಳಿಗೆ ಸೇರಿದ್ದೆಂದು ಬದಿಗಿಡುವುದು ವಾಡಿಕೆ. ಆದರೆ ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವ ವಿದ್ವಾಂಸರು ತಮ್ಮ ಮುಂದಿರುವುದು ಓಲೆಗರಿಯ ಪ್ರತಿಯೋ ಕಾಗದದ ಪ್ರತಿಯೋ, ಅದು ಯಾವ ಮಠದಿಂದ ಅಥವಾ ಯಾವ ಮನೆತನದಿಂದ ಬಂದುದು, ಅದನ್ನು ಯಾರು ಯಾವಾಗ ನಕಲು ಮಾಡಿದರು ಎಂಬ ವಿವರಗಳನ್ನು ಎಂದೂ ಬದಿಗಿಟ್ಟವರಲ್ಲ. ಪಠ್ಯ ಬರುವ ದಾರಿಯೇ ಪಠ್ಯದ ಸ್ವರೂಪವನ್ನು ಬಹಳಷ್ಟು ಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಮನೆಯ ಟಿವಿಗೆ ಆಂಟೆನಾ, ಕೇಬಲ್, ಡಿಶ್‌ಗಳ ಬದಲು ಅಂತರ್ಜಾಲದ ಮೂಲಕ ಕಾರ್ಯಕ್ರಮಗಳು ಬರತೊಡಗಿರುವ ಈ ಹೊತ್ತಿನಲ್ಲಿ ಆ ಪಾಠವನ್ನು ಕಿರುತೆರೆಗೂ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ತಾಂತ್ರಿಕ ವಿವರಗಳನ್ನು ಸಾಧ್ಯವಾದಷ್ಟು ಸರಳವಾಗಿ ಕೊಟ್ಟಿದ್ದೇನೆ. ಅವಿಲ್ಲದೆ ಮುಂದಿನ ವಾದ ನಿಲ್ಲುವುದಿಲ್ಲ.

ಕಂಬದ ತುದಿಯ ಲೋಹ

ಒಂದು ಕಾಲಕ್ಕೆ ಹಂಚಿನ ಮಾಡುಗಳ ಮೇಲೆಲ್ಲ ಕಾಣುತ್ತಿದ್ದ, ಮೀನಿನ ಮುಳ್ಳನ್ನು ಹೋಲುವ ಆಂಟೆನಾದ ವಿನ್ಯಾಸವು 1926ರಷ್ಟು ಹಳೆಯದು. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ಎಂಬ ಇಬ್ಬರು ವಿದ್ವಾಂಸರು ಅದನ್ನು ರೂಪಿಸಿದರು. ಅದರ ಮುಖ್ಯ ಗುಣ ದಿಕ್ಕನ್ನು ಹಿಡಿಯುವುದು. ಮರುಪ್ರಸಾರ ಕೇಂದ್ರದ ಗೋಪುರ ಯಾವ ಕಡೆಗಿದೆಯೋ ಆ ಕಡೆಗೆ ಮುಖ ಮಾಡಿ ನಿಲ್ಲಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಡುವೆ ಗುಡ್ಡವಿದ್ದರೆ ಚಿತ್ರ ಬರುವುದಿಲ್ಲ, ಅಥವಾ ಒಂದರ ಹಿಂದೆ ಒಂದು ನೆರಳಾಗಿ ಬರುತ್ತದೆ. ನನ್ನ ಅಜ್ಜಿಯ ಮನೆ ಮಲೆನಾಡಿನ ಒಂದು ಕಣಿವೆಯಲ್ಲಿತ್ತು. ಮಾವ ಮಾಡು ಹತ್ತಿ ಕಂಬ ತಿರುಗಿಸುತ್ತ ‘ಬಂತೇನ್ರೋ?’ ಎಂದು ಕೂಗುತ್ತಿದ್ದರು. ಅಂಗಳದಲ್ಲಿ ನಿಂತ ಒಬ್ಬರು ಆ ಪ್ರಶ್ನೆಯನ್ನು ಒಳಕ್ಕೆ ದಾಟಿಸುತ್ತಿದ್ದರು. ‘ಚಿತ್ರ ಬಂತು, ಮಾತು ಬರಲಿಲ್ಲ’ ಎಂಬ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು. ನನ್ನ ತಲೆಮಾರಿನ ಅನೇಕರಿಗೆ ಟಿವಿ ಮೊದಲು ಒಂದು ದಿಕ್ಕಾಗಿ ಪರಿಚಯವಾಯಿತು, ಕಾರ್ಯಕ್ರಮವಾದದ್ದು ಆಮೇಲೆ.

ಈ ದಿಕ್ಕಿನ ಸಂಗತಿಗೆ ಭಾಷಿಕವಾದ ಒಂದು ಪರಿಣಾಮವಿದೆ. ನೆಲದ ಮೇಲಿನ ಗೋಪುರದಿಂದ ಹೊರಡುವ ಪ್ರಸಾರಕ್ಕೆ ಒಂದು ಸುತ್ತಳತೆ ಇರುತ್ತದೆ. ಸಣ್ಣ ಗೋಪುರವಾದರೆ ಅದು ಹತ್ತು ಹದಿನೈದು ಕಿಲೋಮೀಟರು, ದೊಡ್ಡದಾದರೆ ಅದರ ಹಲವು ಪಟ್ಟು. ಆ ಸುತ್ತಳತೆಯೊಳಗೆ ಯಾವ ಭಾಷೆ ಬರಬೇಕು ಎಂಬುದನ್ನು ಗೋಪುರದ ಒಡೆಯರು ತೀರ್ಮಾನಿಸುತ್ತಾರೆ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಆರಂಭವಾದ ದೂರದರ್ಶನ ಪ್ರಸಾರದಲ್ಲಿ ಕನ್ನಡಕ್ಕೆ ಜಾಗ ಸಿಗಲು ಒಂದೂವರೆ ದಶಕವೇ ಬೇಕಾಯಿತು. ಸಿಕ್ಕಿದ ಸ್ಥಳವೂ ನಾವು ಊಹಿಸುವುದಕ್ಕಿಂತ ಬೇರೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಟಿವಿಗಳನ್ನು ಕೊಡಲಾಯಿತು. ಕರ್ನಾಟಕದ ಪಾಲಿಗೆ ಆ ಹಳ್ಳಿಗಳು ಇದ್ದುದು ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳಲ್ಲಿ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಗೋಪುರ ಬಂತು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಕನ್ನಡ ಕಿರುತೆರೆಯ ಇತಿಹಾಸವನ್ನು ರಾಜಧಾನಿಯಿಂದ ಆರಂಭಿಸಿ ಬರೆಯುವ ನಮ್ಮ ರೂಢಿಯನ್ನು ಈ ಕಾಲಾನುಕ್ರಮದ ಹಿನ್ನೆಲೆಯಲ್ಲಿ ತಿದ್ದಿಕೊಳ್ಳಬೇಕಾಗಿದೆ. ಸೈಟ್ ಪ್ರಯೋಗದ ಇನ್ನೊಂದು ವಿವರವನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು. ಆ ಉಪಗ್ರಹದ ಮೂಲಕ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಏರ್ಪಾಡಿತ್ತು. ಚಿತ್ರದಿಂದ ಭಾಷೆಯನ್ನು ಬಿಡಿಸಿ ಇಡುವ ಉಪಾಯ ಅಂದೇ ತಿಳಿದಿತ್ತು. ಅದು ಮುಂದುವರಿಯದೆ ನಾಲ್ಕು ದಶಕಗಳ ನಂತರ ಬೇರೆ ರೂಪದಲ್ಲಿ ಹಿಂದಿರುಗಿದೆ.

ಆಮೇಲಿನ ಕಥೆಯನ್ನು ಎಲ್ಲರೂ ಬಲ್ಲರು. 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಬಂದವು. ಬೀದಿಯಿಂದ ಬೀದಿಗೆ ಹಾದ ಕೇಬಲ್ ತಂತಿ, ನಂತರ ತಾರಸಿಯ ಮೇಲಿನ ಡಿಶ್ ಗೋಪುರದ ಸುತ್ತಳತೆಯನ್ನು ಅಳಿಸಿಹಾಕಿದವು. ಭಾಷೆಯು ಪ್ರದೇಶದಿಂದ ಬಿಡಿಸಿಕೊಂಡು ವಾಹಿನಿಗೆ ಅಂಟಿಕೊಂಡಿತು. ಒಂದು ವಾಹಿನಿ ಎಂದರೆ ಒಂದು ಭಾಷೆ ಎಂಬ ತಿಳಿವಳಿಕೆ ಈ ಘಟ್ಟದ್ದು. ಸರ್ಕಾರದ ಆದೇಶದಂತೆ 2013ರ ಮಾರ್ಚ್ ಅಂತ್ಯದ ಗಡುವಿಗೆ ಬೆಂಗಳೂರು ಮತ್ತು ಮೈಸೂರಿನ ಕೇಬಲ್ ಜಾಲ ಡಿಜಿಟಲ್ ಆಗಬೇಕಾಯಿತು. ಉಳಿದ ಊರುಗಳು ಹಿಂಬಾಲಿಸಿದವು. ಪ್ರಸಾರ ಭಾರತಿಯು ನೆಲದ ಅನಲಾಗ್ ಗೋಪುರಗಳನ್ನು ಹಂತಹಂತವಾಗಿ ಮುಚ್ಚಿ, ಆಯಕಟ್ಟಿನ ಸ್ಥಳಗಳ ಸುಮಾರು 50ನ್ನು ಹೊರತುಪಡಿಸಿ ಉಳಿದವನ್ನು 2022ರ ಮಾರ್ಚ್‌ನೊಳಗೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಆದ್ದರಿಂದ ‘ಆಂಟೆನಾ ಇಲ್ಲದೆ ಟಿವಿ ನೋಡುವುದು’ ಎಂಬ ಮಾತಿಗೆ ಬ್ರಿಟನ್ನಿನಲ್ಲಿರುವ ಅರ್ಥ ಇಲ್ಲಿಲ್ಲ. ಅಲ್ಲಿ ಆಂಟೆನಾ ಇಂದಿಗೂ ಜೀವಂತವಾಗಿದೆ. 2024ರ ಏಪ್ರಿಲ್‌ನಲ್ಲಿ ಬಿಬಿಸಿ ಮೊದಲಾದ ಸಂಸ್ಥೆಗಳು ಸೇರಿ ‘ಫ್ರೀಲಿ’ ಎಂಬ ವ್ಯವಸ್ಥೆಯನ್ನು ತಂದು, ಆಂಟೆನಾ ಬೇಡವೆನ್ನುವವರಿಗೆ ಅದೇ ನೇರಪ್ರಸಾರವನ್ನು ಅಂತರ್ಜಾಲದಲ್ಲಿ ಕೊಡತೊಡಗಿದವು. ನಮ್ಮಲ್ಲಿ ಆಂಟೆನಾ ತಾನಾಗಿಯೇ ಹೋಗಿಯಾಗಿತ್ತು. ಅಂತರ್ಜಾಲವು ಇಲ್ಲಿ ಪಲ್ಲಟಗೊಳಿಸುತ್ತಿರುವುದು ಕೇಬಲ್ಲನ್ನು ಮತ್ತು ಡಿಶ್ಶನ್ನು.

ಕಡ್ಡಿಯೊಳಗಿನ ಕೆಲಸ

ಟಿವಿಯ ಹಿಂಬದಿಗೆ ಚುಚ್ಚುವ, ಹೆಬ್ಬೆರಳ ಗಾತ್ರದ ‘ಸ್ಟಿಕ್’ ಎಂಬ ಸಾಧನವನ್ನು ಈಗ ನಗರಗಳ ಮನೆಗಳಲ್ಲಿ ಮಾತ್ರವಲ್ಲದೆ ಹೋಬಳಿ ಕೇಂದ್ರಗಳಲ್ಲಿಯೂ ಕಾಣಬಹುದು. ಈ ಬಗೆಯ ಮೊದಲ ಜನಪ್ರಿಯ ಪೆಟ್ಟಿಗೆಯಾದ ರೋಕು 2008ರಲ್ಲಿ ಅಮೆರಿಕದಲ್ಲಿ ಬಂತು. ಗೂಗಲ್ಲಿನ ಕ್ರೋಮ್‌ಕಾಸ್ಟ್ 2013ರಲ್ಲಿ ಬಂದು 2024ರಲ್ಲಿ ನಿಂತಿತು. ಅಮೆಜಾನಿನ ಫೈರ್ ಟಿವಿ ಸ್ಟಿಕ್ ಭಾರತಕ್ಕೆ ಬಂದದ್ದು 2017ರಲ್ಲಿ. ಹೊಸ ಸ್ಮಾರ್ಟ್ ಟಿವಿಗಳಲ್ಲಿ ಇದೇ ಕೆಲಸ ಮಾಡುವ ಯಂತ್ರಾಂಶ ಒಳಗೇ ಇರುತ್ತದೆ. ಹೆಸರು ಯಾವುದೇ ಇರಲಿ, ಒಳಗಿರುವುದು ಒಂದು ಪುಟ್ಟ ಗಣಕ. ಅದಕ್ಕೆ ವೈಫೈ ಮೂಲಕ ಅಂತರ್ಜಾಲ ಸಿಗಬೇಕು. ಟಿವಿ ಅದರ ಪಾಲಿಗೆ ಬರಿಯ ತೆರೆ.

ಗೋಪುರವು ಕಾರ್ಯಕ್ರಮವನ್ನು ಎಲ್ಲ ಕಡೆಗೂ ಚೆಲ್ಲುತ್ತಿತ್ತು. ಯಾರು ಹಿಡಿದರು, ಯಾರು ಹಿಡಿಯಲಿಲ್ಲ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಒಂದು ಊರಿನಲ್ಲಿ ನೂರು ಮನೆಯವರು ನೋಡಿದರೂ ಸಾವಿರ ಮನೆಯವರು ನೋಡಿದರೂ ಗೋಪುರದ ಮೇಲೆ ಹೆಚ್ಚಿನ ಹೊರೆಯಿಲ್ಲ. ಅಂತರ್ಜಾಲದಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಕೇಳದ ಹೊರತು ಏನೂ ಬರುವುದಿಲ್ಲ. ಕಾರ್ಯಕ್ರಮವನ್ನು ಮೊದಲೇ ಸಂಕ್ಷೇಪಿಸಿ, ಕೆಲವೇ ಸೆಕೆಂಡುಗಳ ತುಣುಕುಗಳನ್ನಾಗಿ ಕತ್ತರಿಸಿ ಇಟ್ಟಿರುತ್ತಾರೆ. 22 ನಿಮಿಷಗಳ ಒಂದು ಧಾರಾವಾಹಿ ಕಂತನ್ನು ನಾಲ್ಕು ನಾಲ್ಕು ಸೆಕೆಂಡಿನಂತೆ ಕತ್ತರಿಸಿದರೆ 330 ತುಣುಕುಗಳಾಗುತ್ತವೆ. ಪ್ರತಿಯೊಂದು ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ತಯಾರಿಸಿರುತ್ತಾರೆ. ಯಾವ ತುಣುಕು ಎಲ್ಲಿದೆ, ಯಾವ ಗುಣಮಟ್ಟದಲ್ಲಿದೆ, ಜೊತೆಗೆ ಯಾವ ಯಾವ ಭಾಷೆಯ ಧ್ವನಿಗಳಿವೆ ಎಂಬುದನ್ನೆಲ್ಲ ತಿಳಿಸುವ ಒಂದು ಪಟ್ಟಿ ಬೇರೆ ಇರುತ್ತದೆ. ನಾವು ರಿಮೋಟಿನ ಗುಂಡಿ ಒತ್ತಿದಾಗ ಸಾಧನವು ಮೊದಲು ಆ ಪಟ್ಟಿಯನ್ನು ತರಿಸಿಕೊಳ್ಳುತ್ತದೆ. ಅನಂತರ ಒಂದೊಂದೇ ತುಣುಕನ್ನು ಕೇಳಿ ಪಡೆದು ಜೋಡಿಸುತ್ತ ಹೋಗುತ್ತದೆ. ಪ್ರತಿ ತುಣುಕು ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಳೆಯುತ್ತದೆ. ನಿಧಾನವಾದರೆ ಮುಂದಿನ ತುಣುಕನ್ನು ಕಡಿಮೆ ಗುಣಮಟ್ಟದಲ್ಲಿ ಕೇಳುತ್ತದೆ. ನಡುವೆ ಚಿತ್ರ ಮಂಜಾಗಿ ಮತ್ತೆ ತಿಳಿಯಾಗುವುದು ಈ ಕಾರಣದಿಂದ. ಮುಂದಿನ ತುಣುಕು ಬಾರದೇ ಹೋದಾಗ ತೆರೆಯ ಮೇಲೆ ಚಕ್ರ ತಿರುಗುತ್ತದೆ. ಆಪಲ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಕ್ರಮವೂ 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ಡ್ಯಾಶ್’ ಕ್ರಮವೂ ವಿವರಗಳಲ್ಲಿ ಬೇರೆಯಾದರೂ ತತ್ತ್ವದಲ್ಲಿ ಒಂದೇ.

ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ನೋಡಿದರೆ ಗಂಟೆಗೆ ಸುಮಾರು 2.25 ಗಿಗಾಬೈಟ್ ಖರ್ಚಾಗುತ್ತದೆ. ಎಲ್ಲ ಮನೆಗಳ ಕೋರಿಕೆಯೂ ಒಂದೇ ಗಣಕಕ್ಕೆ ಹೋದರೆ ಅದು ತಡೆದುಕೊಳ್ಳದು. ಆದ್ದರಿಂದ ತುಣುಕುಗಳ ನಕಲುಗಳನ್ನು ಊರೂರಿಗೆ ಹತ್ತಿರವಾದ ಉಗ್ರಾಣಗಳಲ್ಲಿ ಇಟ್ಟಿರುತ್ತಾರೆ. ನೇರಪ್ರಸಾರದ ತುಣುಕುಗಳನ್ನು ಆಗಿಂದಾಗಲೇ ಕತ್ತರಿಸಿ ಕಳುಹಿಸಬೇಕಾದ್ದರಿಂದ ಅದು ಕೆಲವು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷದವರೆಗೂ ಹಿಂದೆ ಬೀಳುತ್ತದೆ. ಕ್ರಿಕೆಟ್ ನಡೆಯುವಾಗ ಕೇಬಲ್ ಇರುವ ಪಕ್ಕದ ಮನೆಯಿಂದ ಕೇಕೆ ಮೊದಲು ಕೇಳಿಸಿ, ನಮ್ಮ ತೆರೆಯ ಮೇಲೆ ವಿಕೆಟ್ಟು ಆಮೇಲೆ ಬೀಳುವ ಅನುಭವ ಅನೇಕರಿಗೆ ಆಗಿರಬಹುದು. ಒಂದೇ ಬೀದಿಯವರು ಒಂದೇ ಗಳಿಗೆಯಲ್ಲಿ ಒಂದೇ ದೃಶ್ಯವನ್ನು ನೋಡುತ್ತಿದ್ದರೆಂಬುದು ಇನ್ನು ಮುಂದೆ ನಿಜವಲ್ಲ.

ಹೆಸರಿನ ಮಾತು

ಇಲ್ಲಿ ಪರಿಭಾಷೆಯನ್ನು ಕುರಿತು ಸ್ವಲ್ಪ ನಿಲ್ಲಬೇಕು. ಇಂಗ್ಲಿಷಿನಲ್ಲಿ ಪ್ರಸಾರಕ್ಕಿರುವ ಪದದ ಮೂಲಾರ್ಥ ಬೀಜವನ್ನು ಕೈಯಿಂದ ಎರಚಿ ಬಿತ್ತುವುದು. ಕನ್ನಡದ ‘ಬಿತ್ತರ’ವು ‘ವಿಸ್ತರ’ದ ತದ್ಭವವೇ ಹೊರತು ಬಿತ್ತನೆಗೂ ಅದಕ್ಕೂ ವ್ಯುತ್ಪತ್ತಿಯ ನಂಟಿಲ್ಲ. ಆದರೆ ‘ಬಿತ್ತರಿಸು’ ಎಂದಾಗ ಕನ್ನಡದ ಕಿವಿಗೆ ‘ಬಿತ್ತು’ ಕೇಳಿಸಿಯೇ ಕೇಳಿಸುತ್ತದೆ. ಹೊಲದಲ್ಲಿ ಎರಚಿದ ಕಾಳು ಎಲ್ಲಿ ಬಿತ್ತೆಂದು ಎರಚಿದವನಿಗೆ ತಿಳಿಯದು ಎಂಬ ಅರ್ಥದಲ್ಲಿ ಆ ಅಪವ್ಯುತ್ಪತ್ತಿಯೂ ಸಾರ್ಥಕವೇ. ಹಾಗೆಯೇ ‘ಆಕಾಶವಾಣಿ’ ಎಂಬ ಹೆಸರು. ನುಡಿದವರು ಕಾಣರು, ಕೇಳಿದವರು ಮರುನುಡಿಯಲಾರರು.

ಹೊಸ ವ್ಯವಸ್ಥೆಗೆ ಇಂಗ್ಲಿಷು ‘ಹೊಳೆ’ಯ ರೂಪಕವನ್ನು ಬಳಸುತ್ತದೆ. ಪತ್ರಿಕೆಗಳು ಅದನ್ನು ‘ಸ್ಟ್ರೀಮಿಂಗ್’ ಎಂದೇ ಉಳಿಸಿಕೊಂಡಿವೆ. ವಾಸ್ತವವಾಗಿ ನಮ್ಮಲ್ಲಿ ಅದಕ್ಕೆ ಸಮೀಪದ ಪದ ಮೊದಲೇ ಇದೆ. ‘ಧಾರಾವಾಹಿ’ ಎಂದರೆ ಧಾರೆಯಾಗಿ ಹರಿದು ಬರುವುದು. ವಾರಪತ್ರಿಕೆಯ ಕಾದಂಬರಿಗೂ ಅನಂತರ ಕಿರುತೆರೆಯ ಕಥೆಗೂ ಆ ಹೆಸರು ನಿಂತಿತು. ಧಾರಾವಾಹಿಯ ಒಂದು ದಿನದ ಪಾಲಿಗೆ ನಾವು ಬಳಸುವ ‘ಕಂತು’ ಸಾಲ ತೀರಿಸುವವರ ಮಾತು. ಕೊಡಬೇಕಾದ್ದನ್ನು ಒಮ್ಮೆಗೇ ಕೊಡದೆ ಗಡುವಿಗೆ ಸರಿಯಾಗಿ ಬಿಡಿಬಿಡಿಯಾಗಿ ಕೊಡುವುದು ಅದರ ಅರ್ಥ. ಧಾರೆಯೂ ಕಂತೂ ಪರಸ್ಪರ ವಿರುದ್ಧ. ಧಾರೆಗೆ ತುಂಡಿಲ್ಲ, ಕಂತಿಗೆ ತುಂಡೇ ಜೀವ. ಈ ವಿರೋಧದ ಮೇಲೆಯೇ ಧಾರಾವಾಹಿಯ ಕಥನಶಿಲ್ಪ ನಿಂತಿತ್ತು. ರಾತ್ರಿ ಒಂಬತ್ತಕ್ಕೆ ಕಥೆ ತುಂಡಾಗುತ್ತದೆ, ಮರುದಿನದವರೆಗೆ ಅದು ನೋಡುಗರ ಮಾತಿನಲ್ಲಿ, ಊಹೆಯಲ್ಲಿ, ಜಗಳದಲ್ಲಿ ಹರಿಯುತ್ತದೆ.

ಹೊಸ ವ್ಯವಸ್ಥೆಯಲ್ಲಿ ಎರಡೂ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡಿವೆ. ಹೊಳೆ ಎಂದು ಕರೆಸಿಕೊಳ್ಳುವುದು ಯಂತ್ರದ ಮಟ್ಟದಲ್ಲಿ ಹೊಳೆಯೇ ಅಲ್ಲ. ಅದು ನಾಲ್ಕು ಸೆಕೆಂಡಿನ ಕಂತುಗಳ ಸಾಲು. ಕಂತುಗಳಾಗಿ ಬರೆದ ಕಥೆಯಾದರೋ ನೋಡುಗರ ಮಟ್ಟದಲ್ಲಿ ತುಂಡಿಲ್ಲದ ಧಾರೆಯಾಗಿದೆ. ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನಾಗಿ ಆರಂಭವಾಗುತ್ತದೆ. ಹಳೆಯ ಧಾರಾವಾಹಿಯೊಂದನ್ನು ಹೀಗೆ ನೋಡುವಾಗ ಪ್ರತಿ ಕಂತಿನ ಮೊದಲಿಗೆ ಬರುವ ‘ಹಿಂದಿನ ಸಂಚಿಕೆಯಲ್ಲಿ’ ಎಂಬ ಭಾಗ ಕಿರಿಕಿರಿಯೆನಿಸಿ ಅದನ್ನು ದಾಟಿಸುತ್ತೇವೆ. ದಾಟಿಸಲು ಗುಂಡಿಯೂ ಇದೆ. ಆ ಭಾಗವು ಒಂದು ಹಗಲು ಒಂದು ರಾತ್ರಿಯ ಅಂತರಕ್ಕೆ ಕಟ್ಟಿದ ಸೇತುವೆಯಾಗಿತ್ತು ಎಂಬುದನ್ನು ಇಂದಿನ ವಿದ್ಯಾರ್ಥಿಗೆ ವಿವರಿಸಿ ಹೇಳಬೇಕಾಗುತ್ತದೆ.

ಪಟ್ಟಿಯೊಳಗಿನ ಕನ್ನಡ

ಮೇಲೆ ಹೇಳಿದ ಪಟ್ಟಿಯಲ್ಲಿ ಧ್ವನಿಯು ಚಿತ್ರದಿಂದ ಬೇರೆಯಾಗಿರುತ್ತದೆ ಎಂಬುದು ಕನ್ನಡದ ಮಟ್ಟಿಗೆ ಅತ್ಯಂತ ಮಹತ್ವದ ಸಂಗತಿ. ಅದೇ ಚಿತ್ರಕ್ಕೆ ಕನ್ನಡದ ಧ್ವನಿಯನ್ನು ಸೇರಿಸಬೇಕಾದರೆ ಹೊಸ ವಾಹಿನಿ ಬೇಡ, ಚಿತ್ರಮಂದಿರ ಬೇಡ. ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾದರೆ ಸಾಕು. ಡಬ್ಬಿಂಗ್‌ನ ಮೇಲೆ ಕನ್ನಡದಲ್ಲಿ ದಶಕಗಳ ಕಾಲ ಇದ್ದ ಅಲಿಖಿತ ನಿಷೇಧವನ್ನೂ, ಆ ಸಂಬಂಧವಾಗಿ ಸ್ಪರ್ಧಾ ಆಯೋಗವು 2015ರ ಜುಲೈಯಲ್ಲಿ ನೀಡಿದ ಆದೇಶವನ್ನೂ ನಾವು ಚಳವಳಿಯ ಮತ್ತು ಕಾನೂನಿನ ಪರಿಭಾಷೆಯಲ್ಲಿ ಚರ್ಚಿಸಿದ್ದೇವೆ. ಅಲಿಖಿತ ನಿಷೇಧವು ನಡೆದುಬಂದದ್ದು ಪ್ರದರ್ಶನದ ಬಾಗಿಲುಗಳು ಎಣಿಕೆಗೆ ಸಿಗುವಷ್ಟಿದ್ದುದರಿಂದ ಎಂಬ ಅಂಶವನ್ನು ಅಷ್ಟಾಗಿ ಗಮನಿಸಿಲ್ಲ. ಚಿತ್ರಮಂದಿರವನ್ನು, ವಾಹಿನಿಯ ಕಚೇರಿಯನ್ನು ತಡೆಯಬಹುದು. ಪಟ್ಟಿಯೊಳಗಿನ ಒಂದು ಸಾಲನ್ನು ತಡೆಯುವುದು ಕಷ್ಟ. ಆದೇಶ ಇಲ್ಲದಿದ್ದರೂ ಆ ನಿಷೇಧವು ಈ ತಂತ್ರಜ್ಞಾನದ ಎದುರು ಬಹುಕಾಲ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದರಿಂದ ಕನ್ನಡಕ್ಕೆ ಲಾಭವಾಯಿತೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅನ್ಯಭಾಷೆಯ ಕೃತಿಗೆ ಕನ್ನಡದ ಧ್ವನಿ ಸೇರಿಸುವುದು ಅಗ್ಗವಾದಷ್ಟೂ ಕನ್ನಡದಲ್ಲಿಯೇ ಹೊಸದನ್ನು ನಿರ್ಮಿಸುವ ಒತ್ತಾಯ ಕಡಿಮೆಯಾಗುವ ಅಪಾಯವಿದೆ. 2020ರ ಜುಲೈಯಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಚಿತ್ರಮಂದಿರವನ್ನು ಬಿಟ್ಟು ನೇರವಾಗಿ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದಾಗ ಹುಟ್ಟಿದ ಉತ್ಸಾಹ ಕನ್ನಡದ ಸರಣಿಗಳ ಮಟ್ಟಿಗೆ ಮುಂದುವರಿಯಲಿಲ್ಲ. ಕರಾವಳಿಯ ಹಿನ್ನೆಲೆಯ ಏಳು ಕಥೆಗಳ ‘ಏಕಂ’ ಸರಣಿಯ ಉದಾಹರಣೆ ಇಲ್ಲಿ ಉಲ್ಲೇಖನೀಯ. ನಿರ್ಮಾಣ ಮುಗಿದ ಮೇಲೂ ಯಾವ ವೇದಿಕೆಯೂ ಅದನ್ನು ಕೊಳ್ಳದೆ ಹೋದುದರಿಂದ ನಿರ್ಮಾಪಕರು 2024ರ ಜುಲೈಯಲ್ಲಿ ಅದಕ್ಕೆಂದೇ ಒಂದು ಜಾಲತಾಣವನ್ನು ಕಟ್ಟಿ ಅಲ್ಲಿ ಹಣ ಕೊಟ್ಟು ನೋಡುವಂತೆ ಬಿಡುಗಡೆ ಮಾಡಿದರು. ಜೀ5 ತನ್ನ ಮೊದಲ ಕನ್ನಡ ಮೂಲ ಸರಣಿಯಾಗಿ ‘ಅಯ್ಯನ ಮನೆ’ಯನ್ನು ತಂದದ್ದು 2025ರ ಏಪ್ರಿಲ್‌ನಲ್ಲಿ. ಪಟ್ಟಿಯಲ್ಲಿ ಕನ್ನಡವೆಂಬ ಸಾಲು ಇರುವುದಕ್ಕೂ ಕನ್ನಡದಲ್ಲಿ ಕೃತಿ ಹುಟ್ಟುವುದಕ್ಕೂ ಅಂತರವಿದೆ. ಮುಂದಿನ ದಿನಗಳಲ್ಲಿ ‘ಕನ್ನಡ ಕಾರ್ಯಕ್ರಮ’ ಎಂಬ ವರ್ಗವನ್ನು ಸಂಶೋಧಕರು ಹೊಸದಾಗಿ ವ್ಯಾಖ್ಯಾನಿಸಿಕೊಳ್ಳದೆ ಗತ್ಯಂತರವಿಲ್ಲ.

ಸುತ್ತಳತೆಯೂ ಪೂರ್ತಿ ಮಾಯವಾಗಿಲ್ಲ. ಸಾಧನದ ಅಂತರ್ಜಾಲ ವಿಳಾಸದಿಂದ ಅದು ಯಾವ ದೇಶದಲ್ಲಿದೆಯೆಂದು ವೇದಿಕೆಗೆ ತಿಳಿಯುತ್ತದೆ. ಪ್ರಸಾರದ ಹಕ್ಕುಗಳು ದೇಶಕ್ಕೊಂದರಂತೆ ಮಾರಾಟವಾಗುವುದರಿಂದ ದುಬೈಯ ಕನ್ನಡಿಗರಿಗೂ ಧಾರವಾಡದ ಕನ್ನಡಿಗರಿಗೂ ಒಂದೇ ವೇದಿಕೆಯಲ್ಲಿ ಬೇರೆ ಬೇರೆ ಕನ್ನಡ ಕಾಣುವುದುಂಟು. ಗೋಪುರದ ಗಡಿ ಹೋಗಿ ಗುತ್ತಿಗೆಯ ಗಡಿ ಬಂದಿದೆ.

ಮನೆಯೊಳಗೂ ಒಂದು ಗಡಿ ಇದೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ತುಮಕೂರು ಜಿಲ್ಲೆಯ ಒಂದು ಮನೆಯಲ್ಲಿ ಓದು ಬರಹ ಬಾರದ ಹಿರಿಯರೊಬ್ಬರು ತಾವು ನೋಡುವ ಧಾರಾವಾಹಿಯನ್ನು ಹುಡುಕುವ ದಾರಿಯನ್ನು ಒಂದು ಲೆಕ್ಕವಾಗಿ ಬಾಯಿಪಾಠ ಮಾಡಿಕೊಂಡಿದ್ದರು: ‘ಎಡಕ್ಕೆರಡು, ಕೆಳಕ್ಕೆ ಮೂರು, ನಡುವಿನ ಗುಂಡಿ.’ ಸಾಧನವನ್ನು ಜೋಡಿಸಿದವನು ಬೆಂಗಳೂರಿನಲ್ಲಿರುವ ಮೊಮ್ಮಗ. ಭಾಷೆ, ಹೆಸರು, ಅಭಿರುಚಿ ಎಲ್ಲವೂ ಅವನವು. ನಾನು ಎರಡನೆಯ ಬಾರಿ ಹೋದಾಗ ತೆರೆಯ ಮುಖಪುಟದ ವಿನ್ಯಾಸ ಬದಲಾಗಿತ್ತು. ಲೆಕ್ಕ ತಪ್ಪಿತ್ತು. ‘ಅದು ಈಗ ಬರಾಕಿಲ್ಲ ಕಣಪ್ಪ, ನಿಂತೋಯ್ತು ಅನ್ಸುತ್ತೆ’ ಎಂದರು. ಧಾರಾವಾಹಿ ನಿಂತಿರಲಿಲ್ಲ. ಸಾಧನವು ಕನ್ನಡ ಬಲ್ಲುದೋ ಇಲ್ಲವೋ ಎಂಬ ಪ್ರಶ್ನೆಗಿಂತ ಮೊದಲು, ಮನೆಯಲ್ಲಿ ಯಾರ ಹೆಸರಿನಲ್ಲಿ ಅದು ತೆರೆದುಕೊಳ್ಳುತ್ತದೆ ಎಂದು ಕೇಳಬೇಕೆನ್ನಿಸಿತು.

ಪಾಠಾಂತರ ಮತ್ತು ಲೋಪ

ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸಬಹುದಾದ ನಿದರ್ಶನವೊಂದು ಸಿನಿಮಾ ಕ್ಷೇತ್ರದಿಂದ ದೊರೆಯುತ್ತದೆ. ‘ಕಾಂತಾರ’ ಚಿತ್ರ 2022ರ ಸೆಪ್ಟೆಂಬರ್ 30ರಂದು ಚಿತ್ರಮಂದಿರಗಳಿಗೆ ಬಂತು. ಅದೇ ವರ್ಷ ನವೆಂಬರ್ 24ರಂದು ಪ್ರೈಮ್ ವಿಡಿಯೋದಲ್ಲಿ ಲಭ್ಯವಾದಾಗ ಅದರ ‘ವರಾಹ ರೂಪಂ’ ಗೀತೆಯ ಸಂಗೀತ ಬೇರೆಯಾಗಿತ್ತು. ಕೇರಳದ ಸಂಗೀತ ತಂಡವೊಂದು ಹೂಡಿದ್ದ ಹಕ್ಕುಸ್ವಾಮ್ಯದ ದಾವೆಯಲ್ಲಿ ನ್ಯಾಯಾಲಯವು ತಡೆ ನೀಡಿದ್ದು ಅದಕ್ಕೆ ಕಾರಣ. ದಾವೆಯ ಸರಿತಪ್ಪು ನಮ್ಮ ವಿಷಯವಲ್ಲ. ಚಿತ್ರಮಂದಿರದಲ್ಲಿ ನೋಡಿದವರೂ ಮನೆಯಲ್ಲಿ ನೋಡಿದವರೂ ಒಂದೇ ಹೆಸರಿನ ಚಿತ್ರದ ಎರಡು ಪಾಠಗಳನ್ನು ನೋಡಿದರು ಎಂಬುದು ನಮಗೆ ಮುಖ್ಯ. ಆ ಗೀತೆಯ ಮೇಲೆ ಸಂಪ್ರಬಂಧ ಬರೆಯುವವರು ಯಾವ ಪಾಠವನ್ನು ಆಧರಿಸಿದ್ದೇವೆಂದು ಹೇಳದಿದ್ದರೆ ಅವರ ವಿಶ್ಲೇಷಣೆಗೆ ಆಧಾರವೇ ಇರುವುದಿಲ್ಲ.

ಓಲೆಗರಿಯ ಪಾಠಾಂತರಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. ಲಿಪಿಕಾರನು ತಪ್ಪು ಮಾಡಿದರೆ ಅಥವಾ ಬೇಕೆಂದೇ ತಿದ್ದಿದರೆ ಹೊಸ ಪ್ರತಿ ಹುಟ್ಟುತ್ತಿತ್ತು, ಹಳೆಯದು ಇನ್ನೊಂದು ಮನೆಯ ಅಟ್ಟದ ಮೇಲೆ ಉಳಿದಿರುತ್ತಿತ್ತು. ಮುದ್ರಿತ ಗ್ರಂಥದ ಎರಡನೆಯ ಆವೃತ್ತಿ ಗ್ರಂಥಾಲಯಕ್ಕೆ ಹೋಗಿ ಮೊದಲನೆಯದನ್ನು ಅಳಿಸುವುದಿಲ್ಲ. ವೇದಿಕೆಯ ಉಗ್ರಾಣದಲ್ಲಿ ಹಳೆಯ ತುಣುಕುಗಳ ಜಾಗದಲ್ಲಿಯೇ ಹೊಸ ತುಣುಕುಗಳನ್ನು ಇಟ್ಟರೆ ನಾಳೆ ನೋಡುವವರಿಗೆ ನಿನ್ನೆಯದು ಇತ್ತೆಂಬ ಕುರುಹೂ ಸಿಗದು. ಅದೇ ಹೆಸರು, ಅದೇ ಚಿತ್ರಪಟ, ಅದೇ ಅವಧಿ. ಇಂಥಲ್ಲಿ ಪ್ರತಿಗಳನ್ನು ಹೋಲಿಸಲು ಪ್ರತಿಗಳೇ ಇರುವುದಿಲ್ಲ.

ಪೂರ್ತಿ ಲೋಪವಾಗುವುದೂ ಉಂಟು. ನನ್ನ ಸಂಶೋಧನೆಯ ಎರಡನೆಯ ವರ್ಷದಲ್ಲಿ ಧಾರಾವಾಹಿಯೊಂದರ 60 ಕಂತುಗಳ ಸಂಭಾಷಣೆಯನ್ನು ಒಂದು ವೇದಿಕೆಯಲ್ಲಿ ನೋಡಿ ಟಿಪ್ಪಣಿ ಮಾಡಿಕೊಂಡಿದ್ದೆ. ಪ್ರತಿ ಟಿಪ್ಪಣಿಯ ಎದುರು ಕೊಂಡಿಯನ್ನೂ ನಿಮಿಷ ಸೆಕೆಂಡುಗಳನ್ನೂ ಬರೆದಿದ್ದೆ. ಅಧ್ಯಾಯವನ್ನು ತಿದ್ದುವಾಗ ಮಾರ್ಗದರ್ಶಕರು ಒಂದು ಉಲ್ಲೇಖವನ್ನು ಪರಿಶೀಲಿಸಲು ಕೇಳಿದರು. ಕೊಂಡಿ ತೆರೆಯಲಿಲ್ಲ; ಉಳಿದ 59 ಕೊಂಡಿಗಳೂ ತೆರೆಯಲಿಲ್ಲ. ಧಾರಾವಾಹಿಯ ಹಕ್ಕಿನ ಅವಧಿ ಮುಗಿದಿತ್ತೋ ವೇದಿಕೆಯೇ ಹಳೆಯದನ್ನು ತೆಗೆದುಹಾಕಿತ್ತೋ ತಿಳಿಯುವ ದಾರಿಯಿರಲಿಲ್ಲ. ‘ಇಷ್ಟು ಸ್ಪಷ್ಟವಾದ ಅಡಿಟಿಪ್ಪಣಿ, ಹಿಂದೆ ಗ್ರಂಥವೇ ಇಲ್ಲ’ ಎಂದು ಅವರು ನಕ್ಕರು. ಆ ಅಧ್ಯಾಯದ ಅರ್ಧದಷ್ಟು ಭಾಗವನ್ನು ನಾನು ಕೈಬಿಡಬೇಕಾಯಿತು. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಆಕರವನ್ನು ತೋರಿಸೆಂದರೆ ತೋರಿಸಲು ನನ್ನ ಕೈಬರಹವಲ್ಲದೆ ಬೇರೇನೂ ಇರುತ್ತಿರಲಿಲ್ಲ.

ಪುಸ್ತಕಗಳ ವಿಷಯದಲ್ಲಿ ಹೀಗಾಗದಂತೆ 1954ರ ಕಾಯಿದೆಯೊಂದು ಕಾಯುತ್ತದೆ. ಪ್ರಕಾಶಕರು ತಮ್ಮ ಪ್ರಕಟಣೆಯ ಪ್ರತಿಗಳನ್ನು ನಿಗದಿತ ಗ್ರಂಥಾಲಯಗಳಿಗೆ ಸಲ್ಲಿಸಬೇಕು. ಕಿರುತೆರೆಯ ಕಾರ್ಯಕ್ರಮಗಳಿಗೆ ಅಂಥ ಸಲ್ಲಿಕೆಯ ಕಡ್ಡಾಯ ನಮ್ಮಲ್ಲಿಲ್ಲ. ಫ್ರಾನ್ಸಿನಲ್ಲಿ 1992ರ ಕಾನೂನಿನ ಮೂಲಕ ಆಕಾಶವಾಣಿ ಮತ್ತು ಟಿವಿ ಕಾರ್ಯಕ್ರಮಗಳನ್ನೂ ಪುಸ್ತಕಗಳಂತೆಯೇ ಸಂಗ್ರಹಕ್ಕೆ ಸೇರಿಸುವ ವ್ಯವಸ್ಥೆಯಾಯಿತು. ಅಲ್ಲಿನ ಸಂಶೋಧಕರು ಆ ಸಂಗ್ರಹದಲ್ಲಿ ಕುಳಿತು ಹಳೆಯ ಕಾರ್ಯಕ್ರಮಗಳನ್ನು ನೋಡಬಹುದು. ನಮ್ಮ ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ತನ್ನದೇ ವೇದಿಕೆಯನ್ನು ಆರಂಭಿಸಿ ಹಳೆಯ ಕೆಲವು ಕಾರ್ಯಕ್ರಮಗಳನ್ನು ಅಲ್ಲಿ ಒದಗಿಸಿದೆ. ಅದು ಸ್ವಾಗತಾರ್ಹ. ಆದರೆ ವೇದಿಕೆ ಬೇರೆ, ದಾಖಲಾಗಾರ ಬೇರೆ. ವೇದಿಕೆಯು ನೋಡುಗರು ಬಯಸುವುದನ್ನು ಇಟ್ಟುಕೊಳ್ಳುತ್ತದೆ, ದಾಖಲಾಗಾರವು ಯಾರೂ ಬಯಸದಿದ್ದುದನ್ನೂ ಇಟ್ಟುಕೊಳ್ಳಬೇಕು.

ಟಿಪ್ಪಣಿಯ ಕ್ರಮ

ಈ ಅನುಭವದ ನಂತರ ನಾನು ಟಿಪ್ಪಣಿ ಮಾಡುವ ಕ್ರಮವನ್ನು ಬದಲಾಯಿಸಿಕೊಂಡಿದ್ದೇನೆ. ಕಂತಿನ ಸಂಖ್ಯೆಯ ಜೊತೆಗೆ ಯಾವ ದಿನ ನೋಡಿದೆ, ಯಾವ ವೇದಿಕೆಯಲ್ಲಿ, ಯಾವ ಧ್ವನಿಯ ಭಾಷೆಯಲ್ಲಿ, ಒಟ್ಟು ಅವಧಿ ಎಷ್ಟು ಎಂಬುದನ್ನು ಬರೆಯುತ್ತೇನೆ. ಅವಧಿಯನ್ನು ಬರೆಯುವುದು ಅಲ್ಪವೆನಿಸಬಹುದು. ಒಂದೇ ಕಂತು ಎರಡು ಕಡೆ ಎರಡು ಅವಧಿಯಲ್ಲಿದ್ದರೆ ಎಲ್ಲೋ ಕತ್ತರಿ ಬಿದ್ದಿದೆ ಎಂಬುದಕ್ಕೆ ಅದೇ ಮೊದಲ ಸುಳಿವು. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಹೇಗೆ ಬರೆದಿದ್ದಾರೆಂಬುದನ್ನೂ ಗುರುತು ಹಾಕಿಕೊಳ್ಳುತ್ತೇನೆ. ಏಕೆಂದರೆ ಋಕಾರವಿರುವ ಒಂದು ಕನ್ನಡ ಹೆಸರನ್ನು ಮೂರು ಬಗೆಯಲ್ಲಿ ಬರೆದು ಹುಡುಕಿದರೆ ಮೂರು ಬಗೆಯ ಉತ್ತರಗಳು ಬರುತ್ತವೆ. ಮೊದಲ ಪ್ರಸಾರದ ದಿನಾಂಕಕ್ಕೆ ಹಳೆಯ ದಿನಪತ್ರಿಕೆಗಳ ‘ಇಂದಿನ ಕಾರ್ಯಕ್ರಮಗಳು’ ಅಂಕಣವೇ ಈಗಲೂ ಹೆಚ್ಚು ನಂಬಿಕೆಗೆ ಅರ್ಹ. ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಆ ಸಂಪುಟಗಳನ್ನು ಕೇಳುವವರಿಲ್ಲ, ಕೇಳಬೇಕು.

ಟಿ.ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ 1998ರಲ್ಲಿ ದೂರದರ್ಶನದಲ್ಲಿ ಬಂದಾಗ ಅದನ್ನು ನೋಡಿದವರ ನೆನಪಿನಲ್ಲಿ ಕಥೆಯ ಜೊತೆಗೆ ಸಂಜೆಯ ಹೊತ್ತು, ನಡುವಿನ ಜಾಹೀರಾತು, ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ, ಹೋದ ಕರೆಂಟು ಎಲ್ಲವೂ ಸೇರಿವೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಧಾರಾವಾಹಿಗಳ ಪ್ರತಿಗಳಲ್ಲಿ ಸಾಮಾನ್ಯವಾಗಿ ಇವು ಯಾವುವೂ ಇರುವುದಿಲ್ಲ. ಇವು ಇರುವುದು ಮನೆಗಳಲ್ಲಿ ಧ್ವನಿಮುದ್ರಿಸಿಟ್ಟ ವಿಸಿಆರ್ ಕ್ಯಾಸೆಟ್ಟುಗಳಲ್ಲಿ. ಅಂಥ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಗುಜರಿಗೆ ಹೋಗುತ್ತಿವೆ. ಹಸ್ತಪ್ರತಿಗಳಿಗಾಗಿ ಹಳ್ಳಿ ಹಳ್ಳಿ ತಿರುಗಿದ ಪರಂಪರೆ ನಮ್ಮ ವಿಭಾಗಗಳಿಗೆ ಇರುವುದರಿಂದ ಈ ಕೆಲಸಕ್ಕೆ ಬೇರೆ ಯಾರನ್ನೋ ಕಾಯಬೇಕಾಗಿಲ್ಲ. ಕಳೆದ ವರ್ಷ ಹಾಸನದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇಂಥ 14 ಕ್ಯಾಸೆಟ್ಟುಗಳನ್ನು ನನಗೆ ಕೊಟ್ಟರು. ಎರಡರಲ್ಲಿ ಚಿತ್ರ ಪೂರ್ತಿ ಅಳಿದಿದೆ. ಉಳಿದವುಗಳಲ್ಲಿ ಒಂದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಧಾರಾವಾಹಿಯ ಹೆಸರು, ತಾರೀಖು, ಕಂತಿನ ಸಂಖ್ಯೆಗಳ ಕೆಳಗೆ ಅವರ ಅಕ್ಷರದಲ್ಲಿ ಹೀಗಿದೆ: ‘ಕೊನೆಯ ಐದು ನಿಮಿಷ ಇಲ್ಲ. ಕರೆಂಟ್ ಹೋಗಿತ್ತು. ಪಕ್ಕದ ಮನೆಯವರನ್ನು ಕೇಳಿ ಕಥೆ ತಿಳಿದುಕೊಂಡೆ.’